ಅಮ್ಮನ ಅರ್ಧ ಹಾಡು

ಅಮ್ಮನಿಗೆ ಸ್ನಾನ ಮಾಡಿಸುವುದೆಂದರೆ ಮಗಳಿಗೆ ದಿನಾ ಹೋರಾಟ. ಅಮ್ಮ ಕೊಸರಾಡುತ್ತಾಳೆ, ಪರಚುತ್ತಾಳೆ, "ಯಾರೇ ನೀನು, ಬಿಡೇ ನನ್ನ!" ಎಂದು ಬೀದಿಗೆ ಕೇಳುವಂತೆ ಕೂಗುತ್ತಾಳೆ. ಇಂದು ಮಗಳೂ ತಾಳ್ಮೆಗೆಟ್ಟು ಅಮ್ಮನ ಕೈಯನ್ನು ಬಿಗಿಯಾಗಿ ಹಿಡಿದುಬಿಟ್ಟಳು. ಮಣಿಕಟ್ಟು ಕೆಂಪಾಯಿತು. ಅದನ್ನು ನೋಡಿ ಬಚ್ಚಲ ಬಾಗಿಲಲ್ಲೇ ಕುಸಿದು ಅತ್ತಳು.

ಮರೆವಿನ ಕಾಯಿಲೆಯವರನ್ನು ನೋಡಲು ಮನೆಮನೆಗೆ ಹೋಗುವ ನರ್ಸಕ್ಕ ಬಂದಾಗ ಅವಳಿನ್ನೂ ಅಲ್ಲೇ ಇದ್ದಳು.

"ನನ್ನ ಕೈಲಾಗಲ್ಲ ಅಕ್ಕ. ಅಮ್ಮನ್ನ ಯಾವುದಾದ್ರೂ ಆಶ್ರಮಕ್ಕೆ ಸೇರಿಸಿಬಿಡ್ತೀನಿ."

ಒಳಕೋಣೆಯಿಂದ ಅಮ್ಮನ ದನಿ ಕೇಳಿತು. "ಗಾಳಿ ಬಂತು, ಗಾಳಿ ಬಂತು, ತುದಿಯ ಹಿಡಿಯೇ ತಂಗಿ..." ಹಾಡು ಅಲ್ಲಿಗೇ ನಿಂತಿತು. ಮತ್ತೆ ಅದೇ ಸಾಲು.

"ಸುಮ್ನಿರಮ್ಮ!" ಮಗಳು ಗದರಿದಳು. "ದಿನಾ ಇದೇ ಗೋಳು. ಅರ್ಧಕ್ಕೇ ನಿಲ್ಲಿಸ್ತಾಳೆ. ಮುಂದಿಂದು ಮರೆತೇಹೋಗಿದೆ."

"ಗದರಬೇಡಮ್ಮ. ಹೆಸರು, ಮುಖ ಮರೆತ್ರೂ ಎಷ್ಟೋ ಜನರ ಮಿದುಳಲ್ಲಿ ಹಳೇ ಹಾಡು ಉಳ್ಕೊಂಡಿರುತ್ತೆ. ಇದೆಲ್ಲಿಯ ಹಾಡು?" ಎಂದಳು ನರ್ಸಕ್ಕ.

"ಅಮ್ಮ ಆಸ್ಪತ್ರೆಯಲ್ಲಿ ಬಟ್ಟೆ ಒಗೀತಿದ್ಲು. ದೊಡ್ಡ ಚಾದರಾನ ಇಬ್ಬಿಬ್ರು ಎದುರುಬದುರು ಹಿಡ್ಕೊಂಡು ಮಡಿಸ್ತಾ ಹಾಡೋರು. ಒಬ್ರು ಒಂದು ಸಾಲು ಹೇಳಿದ್ರೆ, ಇನ್ನೊಬ್ರು..."

ಮಗಳಿಗೆ ತಟ್ಟನೆ ಹೊಳೆಯಿತು. ಅಮ್ಮ ಮರೆತಿರಲಿಲ್ಲ. ಎದುರಿನವಳ ಸಾಲಿಗಾಗಿ ಕಾಯುತ್ತಿದ್ದಳು. ಇಷ್ಟು ದಿನ ಯಾರೂ ಓಗೊಟ್ಟಿರಲಿಲ್ಲ.

"ಹಾಡಿದ್ರೆ ವಾಸಿ ಆಗುತ್ತಾ ಅಕ್ಕ?"

"ಇಲ್ಲ, ಸುಳ್ಳು ಹೇಳಲ್ಲ. ಆದ್ರೆ ಭಯ, ಸಿಟ್ಟು ತಗ್ಗಬಹುದು. ಮೆತ್ತಗೆ ಹಾಡು. ಅವರಿಗೆ ಇರುಸುಮುರುಸಾದ್ರೆ ನಿಲ್ಲಿಸಿಬಿಡು."

ಮಗಳು ಒಳಗೆ ಹೋಗಿ ಟವೆಲಿನ ಒಂದು ತುದಿಯನ್ನು ಅಮ್ಮನ ಕೈಗೆ ಕೊಟ್ಟಳು. ಅಮ್ಮ ತನ್ನ ಸಾಲು ಹಾಡಿದಳು. ಚಿಕ್ಕಂದಿನಲ್ಲಿ ಕೇಳಿದ್ದ ಎದುರು ಸಾಲನ್ನು ಮಗಳು ಸೇರಿಸಿದಳು. "ಹಿಡಿದೆ ಹಿಡಿದೆ, ಬಿಡೆನು ನಾನು, ಹತ್ತಿರ ಬಾರೇ ಅಕ್ಕ."

ಅಮ್ಮ ಬಂದಳು. ಮಡಿಸುತ್ತಾ, ಬಿಡಿಸುತ್ತಾ, ಹಾಡುತ್ತಾ ಬಚ್ಚಲವರೆಗೂ ಬಂದಳು. ಮೈಮೇಲೆ ನೀರು ಬಿದ್ದರೂ ಕೂಗಲಿಲ್ಲ.

ತಲೆ ಒರೆಸುವಾಗ ಅಮ್ಮ ಮಗಳ ಕೆನ್ನೆ ಮುಟ್ಟಿ ನಕ್ಕಳು. "ಚೆನ್ನಾಗಿ ಹಾಡ್ತೀಯ ಕಣೇ. ನಂಗೂ ಒಬ್ಳು ಮಗಳಿದ್ದಾಳೆ, ಅವಳಿಗೂ ಕಲಿಸ್ಬೇಕು. ಎಲ್ಲಿ ಹೋದ್ಲೋ."

"ಬರ್ತಾಳೆ ಬಿಡಮ್ಮ," ಎಂದಳು ಮಗಳು. ಆಶ್ರಮಕ್ಕೆ ಸೇರಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ನಿಮ್ಮ ಮನೆಯಲ್ಲೂ ಮರೆವಿನ ಹಿರಿಯರಿದ್ದಾರೆಯೇ? ಹರೆಯದಲ್ಲಿ ಅವರು ಯಾವ ಹಾಡು ಹಾಡುತ್ತಿದ್ದರೆಂದು ಬಲ್ಲವರನ್ನು ಕೇಳಿ. ಅವರು ಗುನುಗಿದರೆ ಗದರಬೇಡಿ, ಪಕ್ಕದಲ್ಲಿ ಕೂತು ದನಿಗೂಡಿಸಿ. ನೀವು ಯಾರೆಂದು ಅವರಿಗೆ ಗೊತ್ತಾಗದೇ ಇರಬಹುದು. ಆದರೂ ಹಾಡಿ.