ಸೌನಾದ ಸೌದೆ

ಈಗ ಯಾರೂ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ. ಮೀಟರುಗಳು ತಾವಾಗಿಯೇ ರಾಜಧಾನಿ ಹೆಲ್ಸಿಂಕಿಗೆ ವರದಿ ಒಪ್ಪಿಸುತ್ತವೆ, ಉಳಿದದ್ದನ್ನು ಜನ ಫೋನಿನಲ್ಲೇ ಒತ್ತಿ ಕಳಿಸುತ್ತಾರೆ. ಒಳ್ಳೆಯದೇ ಬಿಡಿ, ಯಾರು ಬೇಡ ಅಂದರು? ಆದರೆ ದೇಶ ಒಂದು ವರ್ಷದಲ್ಲಿ ಎಷ್ಟು ಉರಿಸಿತು ಎಂದು ತಿಳಿಯಲು ಕಂಡವರ ಒಲೆಯ ಮುಂದೆ ಕೂತು ಕಾಫಿ ಕುಡಿಯಬೇಕಾದ ಕಾಲವೊಂದಿತ್ತು. ಹಾಗೆ ಕುಡಿಯುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.

ತೈಲದ ಬೆಲೆ ಎರಡನೇ ಸಲ ಗಗನಕ್ಕೇರಿದ ಮೇಲಿನ ಮಾತು ಇದು. ಒಂದು ಹನಿ ಎಣ್ಣೆಗೂ ಲೆಕ್ಕ ಬೇಕು ಎಂದು ಸಚಿವಾಲಯ ಪಟ್ಟು ಹಿಡಿದಿತ್ತು. ಎಣ್ಣೆಯ ಲೆಕ್ಕ ಸುಂಕದವರಿಂದ, ಕಲ್ಲಿದ್ದಲಿನದು ಬಂದರುಗಳಿಂದ, ಕರೆಂಟಿನದು ವಿದ್ಯುತ್ ಸ್ಥಾವರಗಳಿಂದ ಬರುತ್ತಿತ್ತು. ಎಲ್ಲವನ್ನೂ ಕೂಡಿಸಿ ದೇಶದ ಇಂಧನದ ಜಮಾಖರ್ಚು ಬರೆಯುವವರು ರೌನೊ ಹೈಸ್ಕರಿ. ಆದರೆ ಮನೆಯ ಸೌದೆಯ ಲೆಕ್ಕ ಕೊಡುವವರು ಯಾರು? ಮನುಷ್ಯ ತನ್ನ ಕಾಡಿನಲ್ಲಿ ತಾನೇ ಕಡಿದು, ತಾನೇ ಸೀಳಿ, ತನ್ನ ಒಲೆಗೇ ಹಾಕಿಕೊಳ್ಳುತ್ತಾನೆ. ಮಾರಿದವನಿಲ್ಲ, ಕೊಂಡವನಿಲ್ಲ, ರಸೀದಿ ಮೊದಲೇ ಇಲ್ಲ. ಅದಕ್ಕಾಗಿ ನಮ್ಮಂಥವರನ್ನು ಮನೆ ಮನೆಗೆ ಕಳಿಸುತ್ತಿದ್ದರು. ಗಡಿಯ ಅಂಚಿನ ಕುಹ್ಮೊ ಸೀಮೆ ನನ್ನ ಪಾಲಿಗೆ ಬಂದಿತ್ತು. ಪ್ರತಿ ಜನವರಿಯಲ್ಲೂ ಅವೇ ಮನೆಗಳಿಗೆ ಹೋಗಿ, ಹೋದ ವರ್ಷ ಎಷ್ಟು ಸೌದೆ ಉರಿಸಿದಿರಿ ಎಂದು ಕೇಳುವುದು ನನ್ನ ಕೆಲಸ.

ಒಂದು ಜನವರಿಯಲ್ಲಿ ರೌನೊ ಫೋನ್ ಮಾಡಿದರು. ಅವರ ದನಿಯೇ ಇಳಿದಿತ್ತು.

"ಔನೆ, ಅರಣ್ಯದವರು ಬುಡ ಎಣಿಸಿ, ಜನ ಇಷ್ಟು ಸೌದೆ ಕಡಿದಿದ್ದಾರೆ ಅಂತಾರೆ, ನಮ್ಮ ಮನೆಗಳವರು ಅದಕ್ಕಿಂತ ಎಷ್ಟೋ ಕಮ್ಮಿ ಉರಿಸಿದ್ದೀವಿ ಅಂತಾರೆ. ಮಧ್ಯದ ಸೌದೆ ಎಲ್ಲಿ ಹೋಯ್ತು? ನಿಮ್ಮ ಕಡೆಯವರು ಸುಳ್ಳು ಹೇಳ್ತಿದ್ದಾರಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಕಡೆಯವರು ಹಿಡಿದ ಮೀನಿನ ವಿಷಯದಲ್ಲಿ ಸುಳ್ಳು ಹೇಳ್ತಾರೆ, ಸೌದೆ ವಿಷಯದಲ್ಲಿ ಹೇಳಲ್ಲ. ಅಷ್ಟು ಅನುಮಾನ ಇದ್ರೆ ಬಂದು ನೋಡಿ!"

"ಬರ್ತೀನಿ. ಇಲ್ಲದಿದ್ರೆ ಕತೆ ಮುಗೀತು. ಈ ಮನೆ ಸುತ್ತೋದೆಲ್ಲ ದಂಡ, ಕೂತಲ್ಲೇ ಗುಣಾಕಾರ ಮಾಡಿ ಹಾಕಿ ಅಂತಿದ್ದಾರೆ ಮೇಲಿನವರು. ವಸಂತದೊಳಗೆ ಆ ಸೌದೆ ಸಿಗದಿದ್ರೆ ನಿಮ್ಮ ಕೆಲಸ ಇಲ್ಲ."

ಫೋನ್ ಇಟ್ಟೆ. ಗಂಡ, ಮಕ್ಕಳು ಎಂದು ನನಗೆ ಯಾರೂ ಇರಲಿಲ್ಲ. ಆ ಸುತ್ತಾಟವೇ ನನ್ನ ಸಂಸಾರವಾಗಿತ್ತು. ಯಾರ ಮನೆಯ ನಾಯಿ ಮರಿ ಹಾಕಿತು, ಯಾರ ಸೊಸೆ ಮುನಿಸಿಕೊಂಡು ಹೋದಳು, ಎಲ್ಲ ಗೊತ್ತಿದ್ದದ್ದು ಆ ಪ್ರಶ್ನೆಯ ದೆಸೆಯಿಂದ. ಅದನ್ನೂ ಕಿತ್ತುಕೊಂಡರೆ ಜನವರಿಗಳನ್ನು ಹೇಗೆ ಕಳೆಯಲಿ?

ರೌನೊ ಪೇಟೆಯ ತೆಳು ಬೂಟು ಹಾಕಿಕೊಂಡೇ ಬಂದರು. ಅವರನ್ನು ಸೀದಾ ಯಾಲ್ಮರಿ ಮತ್ತು ಹಿಲ್ಯಾ ದಂಪತಿಯ ಮನೆಗೆ ಕರೆದುಕೊಂಡು ಹೋದೆ. ಯಾಲ್ಮರಿಯ ಸೌದೆ ಒಟ್ಟಿಲು ಗೋಡೆ ಕಟ್ಟಿದ ಹಾಗೆ ನೆಟ್ಟಗಿರುತ್ತಿತ್ತು. ಅಂಥವನ ಬಾಯಲ್ಲಿ ತಪ್ಪು ಲೆಕ್ಕ ಬರುವುದಿಲ್ಲ ಎಂದು ನನ್ನ ನಂಬಿಕೆ.

"ಹೋದ ವರ್ಷ ಮನೆ ಕಾಯಿಸೋಕೆ ಎಷ್ಟು ಸೌದೆ ಉರಿಸಿದ್ರಿ?" ಎಂದು ರೌನೊ ತಾವೇ ಕೇಳಿದರು. ಯಾಲ್ಮರಿ ತಡವರಿಸದೆ ಹೇಳಿದ. ರೌನೊ ಹೊರಗೆ ಹೋಗಿ ಒಟ್ಟಿಲು ಅಳೆದರು, ಒಲೆಯೊಳಗೆ ಇಣುಕಿದರು, ಮತ್ತೆ ಬಂದು ಅದನ್ನೇ ಕೇಳಿದರು.

"ಏನಪ್ಪಾ, ಪೊಲೀಸನೋ ನೀನು?" ಎಂದ ಯಾಲ್ಮರಿ. ಹಿಲ್ಯಾ ನಕ್ಕು ಲಿಂಗನ್ ಎಂಬ ಕೆಂಪು ಕಾಡುಹಣ್ಣಿನ ಕಡುಬು ಮುಂದಿಟ್ಟಳು. "ತಿನ್ನು ತಿನ್ನು. ಲೆಕ್ಕ ಎಲ್ಲೂ ಓಡಿ ಹೋಗಲ್ಲ. ಇವತ್ತು ಶನಿವಾರ, ಸೌನಾ ಆಗಲೇ ಕಾದಿದೆ."

ಸೌನಾ ಅಂದರೆ ಮನೆಯಿಂದ ಬೇರೆಯಾಗಿ ಅಂಗಳದಾಚೆ ಕಟ್ಟಿದ ಹಬೆಸ್ನಾನದ ಗುಡಿಸಲು, ಒಲೆಯ ಮೇಲೆ ಕಲ್ಲು ಕಾಯಿಸಿ ನೀರು ಚಿಮುಕಿಸಿ ಹಬೆ ಎಬ್ಬಿಸುವುದು. ಮೊದಲು ನಾನೂ ಹಿಲ್ಯಾಳೂ ಹೋಗಿ ಬಂದೆವು. ಆಮೇಲೆ ಗಂಡಸರು ಹೋದರು. ನಾವಿಬ್ಬರು ಜಗುಲಿಯಲ್ಲಿ ಕೂದಲು ಒರೆಸಿಕೊಳ್ಳುತ್ತಿದ್ದಾಗ ಸೌನಾದ ಬಾಗಿಲು ಧಡಾರನೆ ತೆರೆಯಿತು. ಸೊಂಟಕ್ಕೊಂದು ಟವೆಲ್ ಸುತ್ತಿಕೊಂಡು, ಮೈಯಿಂದ ಹಬೆಯಾಡುತ್ತ, ದೇಶದ ಇಂಧನದ ಲೆಕ್ಕ ಬರೆಯುವವರು ಬರಿಗಾಲಲ್ಲಿ ಹಿಮ ತುಳಿದು ಓಡಿ ಬಂದರು.

"ಔನೆ! ಈ ಒಲೆಯ ಸೌದೆ! ಇದನ್ನ ಲೆಕ್ಕಕ್ಕೇ ಹಿಡಿದಿಲ್ಲವಂತೆ ಇವರು!"

ಹಿಂದೆಯೇ ಬಂದ ಯಾಲ್ಮರಿಗೆ ಸಿಟ್ಟು ಬಂದಿತ್ತು. "ಯಾಕೆ ಹಿಡೀಬೇಕು? ಮನೆ ಕಾಯಿಸೋಕೆ ಎಷ್ಟು ಅಂತ ಕೇಳಿದೆ, ಹೇಳಿದೆ. ಸೌನಾ ಏನು ಮನೆಯಾ?"

"ಸೌನಾದ ಸೌದೆ ಸೌದೆ ಅಲ್ಲ ಕಣಪ್ಪಾ," ಎಂದಳು ಹಿಲ್ಯಾ, ದಡ್ಡನಿಗೆ ತಿಳಿಹೇಳುವ ಹಾಗೆ. "ಅದು ಸೌನಾ."

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಹಳ್ಳಿಯ ಮನೆಗೊಂದು ಸೌನಾ, ಕೆರೆದಂಡೆಯ ಬೇಸಿಗೆಮನೆಗೆ ಇನ್ನೊಂದು. ಎಲ್ಲರೂ ನಿಜವನ್ನೇ ಹೇಳಿದ್ದರು, ಎಲ್ಲರೂ ಅದೊಂದನ್ನೇ ಬಿಟ್ಟಿದ್ದರು. ಕೇಳುತ್ತ ಬಂದ ನನಗೂ ಹೊಳೆದಿರಲಿಲ್ಲ, ಹೆಲ್ಸಿಂಕಿಯಲ್ಲಿ ಪ್ರತಿ ಶುಕ್ರವಾರ ತಪ್ಪದೆ ಸೌನಾಕ್ಕೆ ಹೋಗುವ ರೌನೊಗೂ ಹೊಳೆದಿರಲಿಲ್ಲ. "ಅಯ್ಯೋ, ನಾವೆಂಥಾ ಮುಠ್ಠಾಳರು!" ಎನ್ನುತ್ತ ಅವರು ಹಿಮದಲ್ಲೇ ಕುಣಿದರು. ಕುಣಿದದ್ದು ಸಂತೋಷಕ್ಕೋ ಕಾಲು ಮರಗಟ್ಟಿದ್ದಕ್ಕೋ ಗೊತ್ತಿಲ್ಲ. ನಾವು ನಕ್ಕೂ ನಕ್ಕೂ ಸುಸ್ತಾದೆವು. ಅಷ್ಟು ನಕ್ಕ ಸಂಜೆ ನನ್ನ ಬದುಕಿನಲ್ಲಿ ಮತ್ತೊಂದಿಲ್ಲ.

ರೌನೊ ಆ ಚಳಿಗಾಲದಲ್ಲೇ ಎಲ್ಲ ಮನೆಗಳಿಗೂ ಸೌನಾದ ಪ್ರಶ್ನೆಯನ್ನು ಮತ್ತೆ ಕೇಳಿಸಿದರು. ಲೆಕ್ಕ ಕೂಡಿತು. ಮೇಲಿನವರು ಬಾಯಿ ಮುಚ್ಚಿದರು, ನನ್ನ ಸುತ್ತಾಟ ಉಳಿಯಿತು. ಅಂದಿನಿಂದ ಆ ಪ್ರಶ್ನೆ ಕಾಯಂ ಆಯಿತು: ವಾರಕ್ಕೆ ಎಷ್ಟು ಸಲ ಸೌನಾ ಕಾಯಿಸಿದಿರಿ?

ಮುಂದಿನ ಜನವರಿ ಬರುವ ಹೊತ್ತಿಗೆ ಹಿಲ್ಯಾ ಇರಲಿಲ್ಲ. ಆಗಸ್ಟಿನಲ್ಲಿ ತೀರಿಕೊಂಡಿದ್ದಳು. ಯಾಲ್ಮರಿಯ ಅಂಗಳಕ್ಕೆ ಕಾಲಿಟ್ಟಾಗಲೇ ಕಂಡೆ. ಮನೆಯ ದಾರಿಯ ಹಿಮ ಸರಿಸಿತ್ತು, ಸೌನಾದ ಕಡೆಗೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

ಕಾಫಿ ಅವನೇ ಕಾಸಿದ, ಕಹಿಯಾಗಿತ್ತು. ಮನೆಯ ಸೌದೆಯ ಲೆಕ್ಕ ಹೇಳಿದ, ಬರೆದುಕೊಂಡೆ. ಮುಂದಿನದು ಸೌನಾದ ಪ್ರಶ್ನೆ. ನನ್ನ ಕೆಲಸ ಉಳಿಸಿದ ಪ್ರಶ್ನೆ ಅದು, ನನ್ನ ಜನವರಿಗಳನ್ನೆಲ್ಲ ಉಳಿಸಿದ ಪ್ರಶ್ನೆ. ಅದನ್ನು ಆ ಮನುಷ್ಯನ ಮುಖ ನೋಡಿಕೊಂಡು ಕೇಳುವುದು ಹೇಗೆ?

"ಕೇಳು ಹುಡುಗಿ," ಎಂದ ಅವನೇ. ನನಗಾಗಲೇ ನಲವತ್ತು ದಾಟಿತ್ತು. "ಅದೂ ಇದೆಯಲ್ಲ ನಿನ್ನ ಹತ್ತಿರ."

ಕೇಳಿದೆ.

"ಆಗಸ್ಟ್‌ವರೆಗೆ ಶನಿವಾರ ಶನಿವಾರ. ಆಮೇಲೆ ಇಲ್ಲ. ಸೊನ್ನೆ ಅಂತ ಬರಿ."

ಬರೆದೆ. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಅದೇ ನಮ್ಮ ಧರ್ಮ. ಬರೆದು ಪೆನ್ನಿನ ಮುಚ್ಚಳ ಹಾಕಿದೆ. ಆಮೇಲೆ ಅಳು ಬರುವ ಬದಲು, ನನ್ನ ಹಾಳು ಸ್ವಭಾವ, ಕೋಪ ಬಂತು.

"ಆಯ್ತು, ಬರ್ಕೊಂಡೆ. ಅದು ಹೋದ ವರ್ಷದ ಲೆಕ್ಕ. ಈ ವರ್ಷದ್ದು ಇನ್ನೂ ಯಾರೂ ಬರೆದಿಲ್ಲ. ಸಲಿಕೆ ಎಲ್ಲಿದೆ?"

ಅವನು ನನ್ನನ್ನೇ ನೋಡಿದ. "ಇವತ್ತು ಮಂಗಳವಾರ," ಎಂದ.

"ಮಂಗಳವಾರ ಬೆಂಕಿ ಹತ್ತಲ್ವಾ?"

ಇಬ್ಬರೂ ಸೇರಿ ಹಿಮ ಸರಿಸಿ ಸೌನಾಕ್ಕೆ ದಾರಿ ಬಿಡಿಸಿದೆವು. ಸೌನಾದ ಒಟ್ಟಿಲು ಹಿಲ್ಯಾ ಇದ್ದಾಗ ಎಷ್ಟಿತ್ತೋ ಅಷ್ಟೇ ಇತ್ತು. ಒಲೆ ಹೊತ್ತಿ ಕಲ್ಲು ಕಾಯುವ ಹೊತ್ತಿಗೆ ಯಾಲ್ಮರಿ ಅಟ್ಟ ಹತ್ತಿ ವಸ್ತ ಎಂಬುದೊಂದನ್ನು ಇಳಿಸಿಕೊಂಡು ಬಂದ. ಹಬೆಯಲ್ಲಿ ಮೈ ಬಡಿದುಕೊಳ್ಳಲು ಬರ್ಚ್ ಮರದ ಚಿಗುರುಕೊಂಬೆ ಸೇರಿಸಿ ಕಟ್ಟಿದ ಕಟ್ಟು ಅದು. ಜೂನಿನಲ್ಲಿ ಹಿಲ್ಯಾ ತನ್ನ ಕೈಯಾರೆ ಕಟ್ಟಿ ಒಣಗಲು ತೂಗುಹಾಕಿದ್ದಳು. ಅವನು ಅದನ್ನು ಸೌನಾದ ಮುಂಕೋಣೆಯಲ್ಲಿ ಬಿಸಿನೀರಿಗೆ ಅದ್ದಿದ. ಸೌನಾದ ತುಂಬ ಜೂನ್ ತಿಂಗಳ ಎಲೆಯ ವಾಸನೆ ಹರಡಿತು.

ಯಾಲ್ಮರಿ ಅದರ ನೀರು ಕೊಡವಿದ. ಆಮೇಲೆ ವಸ್ತವನ್ನು ನನ್ನತ್ತ ಚಾಚಿದ.

"ಮೊದಲು ಹೆಂಗಸರು, ಅದು ಅವಳ ಕಾಯಿದೆ. ಹೋಗು," ಎಂದ. ನಾನು ಒಳಬಾಗಿಲವರೆಗೆ ಹೋದ ಮೇಲೆ ಮತ್ತೆ ಕೂಗಿದ. "ಔನೆ, ಇವತ್ತಿನ ಸೌದೆ ಮುಂದಿನ ವರ್ಷದ ಲೆಕ್ಕಕ್ಕೆ ಸೇರುತ್ತಾ?"

"ಇದು ಸೌದೆ ಅಲ್ಲ ಯಾಲ್ಮರಿ," ಎಂದೆ. "ಇದು ಸೌನಾ."