ಹೊಟ್ಟು ತಿಂದ ಗೇರ್ ಬಾಕ್ಸು

ನಾನು ಒಂದು ಗೇರ್ ಬಾಕ್ಸ್. ಹುಟ್ಟಿನಿಂದಲೇ ಅಂಜುಬುರುಕ. ಕರಗಿದ ಅಲ್ಯೂಮಿನಿಯಂ ಆಗಿ ಅಚ್ಚಿಗೆ ಬಿದ್ದಾಗಲೇ, ಆರುವಾಗ ಎಲ್ಲಿ ಬಿರುಕು ಬಿಡುತ್ತೇನೋ ಎಂದು ಹೆದರಿದವನು. ಬಿರುಕು ಬಿಡಲಿಲ್ಲ. ಹೊಟ್ಟೆಯೊಳಗೆ ಹಲ್ಲಿನ ಚಕ್ರಗಳನ್ನು ಜೋಡಿಸಿ, ಎಣ್ಣೆ ಕುಡಿಸಿ, ಬಿಳಿ ವ್ಯಾನೊಂದರ ಅಡಿಗೆ ಬಿಗಿದರು. ಎಂಜಿನ್ನಿನ ಗದ್ದಲ ಎಲ್ಲರಿಗೂ ಗೊತ್ತು. ಅದರ ಬಲವನ್ನು ಚಕ್ರಕ್ಕೆ ಎಷ್ಟು ಬೇಕೋ ಅಷ್ಟೇ ಬಡಿಸುವವನು ನಾನು. ಏರಿನಲ್ಲಿ ಎಳೆಯುವುದೂ ನಾನೇ, ಇಳಿಜಾರಿನಲ್ಲಿ ಹಿಡಿಯುವುದೂ ನಾನೇ. ನಾನು ಕೈಬಿಟ್ಟರೆ ಗಾಡಿ ಗುಂಡುಕಲ್ಲಿನ ಹಾಗೆ ಉರುಳೀತು. ಇಂಥ ಹೊಣೆ ಹೊತ್ತವನಿಗೆ ನೆಮ್ಮದಿ ಎಲ್ಲಿಂದ ಬರಬೇಕು, ನೀವೇ ಹೇಳಿ.

ನನ್ನ ಮೊದಲ ಯಜಮಾನ ಕೊಳ್ಳೇಗಾಲದ ಬಟ್ಟೆ ಅಂಗಡಿಯ ಗುರುಮಲ್ಲಪ್ಪ. ಗಾಡಿಯೆಂದರೆ ಅವನಿಗೆ ಪ್ರಾಣ. ದಿನಾ ಬೆಳಿಗ್ಗೆ ಒರೆಸುವುದೇನು, ಆಯುಧಪೂಜೆಗೆ ಬಾಳೆಕಂದು ಕಟ್ಟುವುದೇನು, ಬೂದುಗುಂಬಳ ಒಡೆಯುವುದೇನು! ಅಷ್ಟೆಲ್ಲ ಮಾಡಿದ ಪುಣ್ಯಾತ್ಮ ಒಂದು ಸಲವಾದರೂ ಬಗ್ಗಿ ಅಡಿಯಲ್ಲಿ ನೋಡಲಿಲ್ಲ. ನನ್ನ ಎಣ್ಣೆ ಕಪ್ಪಾಯಿತು, ಸೀಲು ಹರಿದು ಸೋರಿತು. ಮೇಲೆಲ್ಲ ಥಳುಕು, ಒಳಗೆ ಹುಳುಕು. ಕೊನೆಗೆ ಸವೆದ ಬೇರಿಂಗು ಗೊಂಯ್ ಎನ್ನತೊಡಗಿತು. ಅದು ನನ್ನ ಕೂಗು. ನನಗಿರುವುದು ಅದೊಂದೇ ಮಾತು. ಗುರುಮಲ್ಲಪ್ಪ ಕೇಳಿಸಿಕೊಂಡ. ಕೇಳಿಸಿಕೊಂಡು, ರಿಪೇರಿ ಮಾಡಿಸುವ ಬದಲು ಮಾರಲು ಹೊರಟ.

ದಲ್ಲಾಳಿ ಕೆಂಪರಾಜು ಬಂದು ಒಂದು ಸುತ್ತು ಓಡಿಸಿ ನಕ್ಕ. "ಇದ್ರ ಬಾಯಿ ಮುಚ್ಚುಸ್ಬುಟ್ರೆ ಆಯ್ತು ಬುಡಿ."

ನನ್ನ ಎಣ್ಣೆ ಹಾಕುವ ಬಾಯಿ ಬಿಚ್ಚಿ, ಗ್ರೀಸಿಗೆ ಬಡಗಿ ಅಂಗಡಿಯ ಮರದ ಹೊಟ್ಟು ಕಲಸಿ ತುರುಕಿದ. ಹಲ್ಲುಹಲ್ಲಿನ ಸಂದಿಗೂ ಹೊಟ್ಟು ಮೆತ್ತಿಕೊಂಡಿತು. ಅಯ್ಯೋ, ಆ ಸಂಕಟ! ಸದ್ದು ಅಡಗಿತು, ನೋವು ಅಡಗಲಿಲ್ಲ. ಕೂಗಲೂ ಆಗದೆ ನಾನು ಸುಮ್ಮನೆ ಗಾಡಿ ಎಳೆದೆ.

ಕೊಳ್ಳಲು ಬಂದವನು ರಾಚಪ್ಪ. ಮಾದಪ್ಪನ ಬೆಟ್ಟಕ್ಕೆ ಯಾತ್ರಿಕರನ್ನು ಕರೆದೊಯ್ಯುವ ಡ್ರೈವರು. ಇಷ್ಟು ದಿನ ಕಂಡವರ ಗಾಡಿ ಓಡಿಸಿದವನಿಗೆ ಸ್ವಂತದ್ದು ಬೇಕೆಂಬ ಆಸೆ. ಜೊತೆಗೆ ಹೆಂಡತಿ ಶಿವನಂಜಿ. ಚಿಕ್ಕಂದಿನಿಂದ ರೇಷ್ಮೆ ಸೀರೆ ನೇಯುವ ಮಗ್ಗದ ಕಾರ್ಖಾನೆಯಲ್ಲಿ ದುಡಿದವಳು. ಆ ಮಗ್ಗಗಳ ಲಟಪಟದಲ್ಲೇ ಅವಳ ಕಿವಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದಳು. ಮಗ್ಗ ಕೆಟ್ಟರೆ ಅಂಗೈ ಇಟ್ಟು ಎಲ್ಲಿ ಕೆಟ್ಟಿದೆ ಎಂದು ಹೇಳುತ್ತಿದ್ದಳಂತೆ.

"ಬೆಣ್ಣೆ ಕನಣ್ಣ, ಬೆಣ್ಣೆ! ಒಂಚೂರು ಸದ್ದಿಲ್ಲ" ಎಂದ ಕೆಂಪರಾಜು, ಎಂಜಿನ್ನು ತಿರುಗಿಸಿ.

ಅಷ್ಟರಲ್ಲಿ ಶಿವನಂಜಿ ಮುಂದಿನ ಸೀಟಿನಲ್ಲಿ ಕುಳಿತು ಗೇರಿನ ಕೋಲಿನ ಮೇಲೆ ಕೈಯಿಟ್ಟಳು. ನನ್ನ ಜೀವವೆಲ್ಲ ಆ ಕೋಲಿಗೆ ಬಂತು. ತಾಯೀ, ತಿಳಿದುಕೋ, ತಿಳಿದುಕೋ!

"ಇದ್ಯಾಕ ಹಿಂಗ್ ನಡುಗ್ತದ?" ಎಂದಳು ಜೋರಾಗಿ.

ರಾಚಪ್ಪ ನಕ್ಕುಬಿಟ್ಟ. "ಸುಮ್ನಿರಮ್ಮಿ. ಸದ್ದೇ ಇಲ್ಲ ಅಂತಾವ್ರೆ."

"ಸದ್ದು ನಂಗೆಲ್ಲಿ ಕೇಳ್ತದ? ನಡುಗ್ತದ ಅಂದೆ."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ವ್ಯಾಪಾರ ಮುಗಿಯಿತು.

ಮೊದಲ ಬಾಡಿಗೆಯೇ ಬೆಟ್ಟಕ್ಕೆ. ಹಿಂದಿನ ಸೀಟುಗಳಲ್ಲಿ ಮಗುವಿನ ಮುಡಿ ಕೊಡಲು ಹೊರಟ ಒಂದು ಸಂಸಾರ. ಹೊಸ ಗಾಡಿಗೆ ಪೂಜೆ ಮಾಡಿಸಬೇಕೆಂದು ಶಿವನಂಜಿಯೂ ಮುಂದೆ ಕುಳಿತಿದ್ದಳು. ಹತ್ತುವಾಗ ಹೇಗೋ ಹಲ್ಲು ಕಚ್ಚಿ ಎಳೆದೆ. ಇಳಿಯುವುದನ್ನು ನೆನೆದರೇ ನನಗೆ ನಡುಕ. ನನ್ನ ಎರಡನೇ ಗೇರಿನ ಹಲ್ಲುಗಳು ಮೊಂಡಾಗಿದ್ದು ನನಗೊಬ್ಬನಿಗೇ ಗೊತ್ತಿತ್ತು.

ಮಧ್ಯಾಹ್ನ ಇಳಿಯಲು ಶುರುಮಾಡಿದೆವು. ಗಂಧ ಹಚ್ಚಿದ ಬೋಳುತಲೆಯ ಮಗು ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಕಡಿದಾದ ತಿರುವಿನಲ್ಲಿ ಟಕ್ ಎಂದು ನನ್ನ ಹಿಡಿತ ತಪ್ಪಿತು. ಗಾಡಿ ಮುಂದಕ್ಕೆ ನುಗ್ಗಿತು. ರಾಚಪ್ಪ ಬ್ರೇಕ್ ತುಳಿದು, ಕೋಲನ್ನು ಮತ್ತೆ ಎಳೆದು ಹಾಕಿದ. ಮತ್ತೆ ಜಾರಿದೆ. ಬ್ರೇಕು ಸುಟ್ಟ ವಾಸನೆ ಬಂತು. ಒಂದು ಕಡೆ ಪ್ರಪಾತ. ತಿರುವಿಗೆ ಅವನ ಎರಡೂ ಕೈ ಬೇಕು, ನನ್ನನ್ನು ಹಿಡಿಯಲು ಇನ್ನೊಂದು ಕೈ ಬೇಕು. ಎಲ್ಲಿಂದ ತಂದಾನು?

ಶಿವನಂಜಿ ಎರಡೂ ಕೈಯಲ್ಲಿ ಕೋಲನ್ನು ಹಿಂದಕ್ಕೆ ಜಗ್ಗಿ ಹಿಡಿದಳು.

"ನೀ ದಾರಿ ನೋಡು! ಇದ್ನ ನಾ ಹಿಡ್ಕಂಡಿವ್ನಿ!"

ಜಾರುವ ಮುನ್ನ ನಾನು ಒಮ್ಮೆ ನಡುಗುತ್ತೇನೆ. ಆ ನಡುಕ ಅಂಗೈಗೆ ತಾಕಿದ ಕೂಡಲೇ ಅವಳು ಇನ್ನಷ್ಟು ಬಿಗಿ ಹಿಡಿಯುತ್ತಿದ್ದಳು. ತಿರುವಿನ ಮೇಲೆ ತಿರುವು. ಹಿಂದೆ ಅಜ್ಜಿ "ಮಾದಪ್ಪಾ, ಮಾದಪ್ಪಾ" ಎನ್ನುತ್ತಿದ್ದಳು. ನಾನೂ ಅದನ್ನೇ ಹೇಳಿಕೊಂಡೆ. ಬೆಟ್ಟದ ಬುಡದ ತಾಳಬೆಟ್ಟ ಮುಟ್ಟಿ ಗಾಡಿ ನಿಂತಾಗ ಮಗು ಎದ್ದು ಅತ್ತಿತು. ಶಿವನಂಜಿಯ ಬೆರಳುಗಳು ಕೋಲಿನಿಂದ ಬಿಡಲೊಲ್ಲವು. ರಾಚಪ್ಪನೇ ಒಂದೊಂದಾಗಿ ಬಿಡಿಸಿದ. ಅಂಗೈ ತುಂಬ ಬೊಬ್ಬೆ.

ಮೆಕ್ಯಾನಿಕ್ ಆರೋಕ್ಯಸ್ವಾಮಿಯ ಶೆಡ್ಡಿನಲ್ಲಿ ನನ್ನ ತಳದ ಬಿರಡೆ ಬಿಚ್ಚಿದರೆ ಎಣ್ಣೆ ಬರಲಿಲ್ಲ, ಅಂಬಲಿಯ ಹಾಗೆ ಕಪ್ಪು ಕೆಸರು ಇಳಿಯಿತು.

"ಯಾವನಣ್ಣ ಇದ್ಕೆ ಹೊಟ್ಟು ತಿನ್ಸಿದ್ದು? ಮನೆಹಾಳ!"

ರಾಚಪ್ಪ ಟೈರಿನ ಮೇಲೆ ಕುಸಿದು ಕುಳಿತ. "ನಂಜಿ ಹೇಳಿದ್ಲು ಕನಪ್ಪ. ನಾನೇ ನಕ್ಕಿದ್ದು" ಎಂದು ಹೆಂಡತಿಯ ಕೈ ಹಿಡಿದು ಅತ್ತ.

ಆರೋಕ್ಯ ನನ್ನನ್ನು ಬಿಡಿಬಿಡಿಯಾಗಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ. ಹೊಸ ಬೇರಿಂಗು, ಹೊಸ ಎರಡನೇ ಗೇರು, ಹೊಸ ಸೀಲು, ಜೇನಿನ ಬಣ್ಣದ ಎಣ್ಣೆ. ಅಂದಿನಿಂದ ರಾಚಪ್ಪ ಗಾಡಿ ತೆಗೆಯುವ ಮೊದಲು "ಕೈ ಮಡಗಮ್ಮಿ" ಎನ್ನುತ್ತಿದ್ದ. ಅವಳು ತಲೆದೂಗಿದ ಮೇಲೆಯೇ ಹೊರಡುತ್ತಿದ್ದ. ಆಯುಧಪೂಜೆಯ ದಿನ ಶಿವನಂಜಿ ಗಾಡಿಯಡಿಗೆ ತೂರಿ ನನಗೂ ಕುಂಕುಮ ಇಡುತ್ತಿದ್ದಳು. ಅದೆಷ್ಟು ವರ್ಷ ಬೆಟ್ಟ ಹತ್ತಿ ಇಳಿದೆವೋ. ಹೆದರಿಕೆ ಮಾತ್ರ ನನ್ನನ್ನು ಬಿಡಲಿಲ್ಲ.

ಈಗ ವ್ಯಾನಿನ ಮೈ ತುಕ್ಕು ಹಿಡಿದು ಗುಜರಿಗೆ ಹೋಗಿದೆ. ನಾನು ಆರೋಕ್ಯನ ಶೆಡ್ಡಿನ ಮೂಲೆಯಲ್ಲಿ ಎಣ್ಣೆಯಿಲ್ಲದೆ ಕುಳಿತಿದ್ದೇನೆ. ಇವತ್ತು ಬೆಳಿಗ್ಗೆ ಯಾರೋ ದಲ್ಲಾಳಿ ರಾಚಪ್ಪನಿಗೆ ತೋರಿಸಲು ಇನ್ನೊಂದು ಹಳೇ ವ್ಯಾನು ತಂದ. ತೊಳೆದು ಫಳಫಳ ಹೊಳೆಯುತ್ತಿತ್ತು.

"ಕೇಳಣ್ಣ, ಸದ್ದೇ ಇಲ್ಲ!"

"ಅದ್ಕೇ ಭಯ ಕನಪ್ಪ" ಎಂದ ರಾಚಪ್ಪ. "ನಂಜಿ, ಕೈ ಮಡಗು."

ಕೂದಲು ಬೆಳ್ಳಗಾದ ಶಿವನಂಜಿ ಹತ್ತಿ ಕುಳಿತಳು. ಎಂಜಿನ್ನು ತಿರುಗುತ್ತಿತ್ತು. ಅವಳ ಕೈ ಕೋಲಿನ ಮೇಲೆ ಬಹಳ ಹೊತ್ತು ಇತ್ತು. ಆ ಗಾಡಿಯ ಹೊಟ್ಟೆಯಲ್ಲಿರುವವನು ಯಾರೋ ಏನೋ, ಅವನಿಗೂ ನನ್ನ ಹಾಗೆ ಮಾತು ನಿಂತುಹೋಗಿದೆಯೋ ಏನೋ.

ಅವಳು ಕೆಳಗಿಳಿದು ಸೆರಗಿಗೆ ಕೈ ಒರೆಸಿಕೊಂಡಳು.

"ಆರೋಕ್ಯಣ್ಣ, ಮೊದ್ಲು ಇದ್ರ ಬಾಯಿ ಬಿಚ್ಚು. ಪಾಪ, ಒಳ್ಗೆ ಅಳ್ತಾ ಅದ."