ಮೂರನೇ ಮಹಡಿಯ ಮೀಟರ್

ಮೀಟರ್ ಓದುವವನಿಗೆ ಊರಿನ ಮನೆಗಳೆಲ್ಲ ಗೊತ್ತು, ಅವನು ಮಾತ್ರ ಯಾರಿಗೂ ಗೊತ್ತಿಲ್ಲ. ಹನ್ನೆರಡು ವರ್ಷಗಳಿಂದ ಮೆಟ್ಟಿಲ ಕೆಳಗಿನ ಪೆಟ್ಟಿಗೆ ತೆರೆದು, ಅಂಕಿ ಬರೆದುಕೊಂಡು, ಬಿಲ್ಲು ಹರಿದು ಕೊಟ್ಟು ಮುಂದೆ ಹೋಗುತ್ತಿದ್ದ. ಮನೆಯಲ್ಲೂ ಮಾತಾಡಿಸುವವರಿರಲಿಲ್ಲ.

ಆ ಬೇಸಿಗೆ ಬಿಸಿಲು ಜನರನ್ನು ಹೈರಾಣ ಮಾಡಿತ್ತು. ಬಿಲ್ಲಿನ ಜೊತೆ ಒಂದು ಚೀಟಿಯನ್ನೂ ಹಂಚಲು ಕಚೇರಿಯಲ್ಲಿ ಹೇಳಿದರು. ಮಧ್ಯಾಹ್ನ ಹೊರಗೆ ಹೋಗಬೇಡಿ, ಬಾಯಾರದಿದ್ದರೂ ನೀರು ಕುಡಿಯಿರಿ, ಒಂಟಿಯಾಗಿರುವವರನ್ನು ವಿಚಾರಿಸಿಕೊಳ್ಳಿ ಎಂದೆಲ್ಲ ಅದರಲ್ಲಿತ್ತು. ಹಂಚಿ ಹಂಚಿ ಅವನಿಗೆ ಅದು ಬಾಯಿಪಾಠವಾಗಿತ್ತು.

ಒಂದು ಮಧ್ಯಾಹ್ನ ಹಳೆಯ ಕಟ್ಟಡವೊಂದರಲ್ಲಿ ಮೂರನೇ ಮಹಡಿಯ ಅಂಕಿ ನೋಡಿ ನಿಂತುಬಿಟ್ಟ. ಇಡೀ ತಿಂಗಳಲ್ಲಿ ನಾಲ್ಕೇ ಯೂನಿಟ್ ಓಡಿತ್ತು. ಮನೆ ಖಾಲಿಯಿರಬೇಕು ಅಂದುಕೊಂಡ. ಹೊರಗೆ ಬಂದು ಕತ್ತೆತ್ತಿದರೆ ಆ ಮನೆಯ ಬಾಲ್ಕನಿಯ ತಂತಿಯಲ್ಲಿ ಒಗೆದ ಬಟ್ಟೆ ಒಣಗಿ ಕಡ್ಡಿಯಾಗಿತ್ತು.

ಹತ್ತಿ ಹೋಗಿ ಬಾಗಿಲು ಬಡಿದ. ಉತ್ತರವಿಲ್ಲ. ತಳ್ಳಿದರೆ ತೆರೆಯಿತು. ಕಿಟಕಿಗಳೆಲ್ಲ ಮುಚ್ಚಿ ಕೋಣೆ ಒಲೆಯಂತಾಗಿತ್ತು. ಹೊಲಿಗೆ ಮಿಷನ್ ಪಕ್ಕದ ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ವಾಲಿಕೊಂಡಿದ್ದರು.

"ಬಂದ್ಯಾ ತಮ್ಮಾ," ಎಂದು ತೊದಲಿದರು. "ಎಷ್ಟ್ ತಡ ಮಾಡ್ದೆ."

ಮುಟ್ಟಿದರೆ ಮೈ ಕೆಂಡ. ಒಂದು ಹನಿ ಬೆವರಿಲ್ಲ.

"ಬಂದೆ ಅಕ್ಕಾ, ಹೆದರ್ಬೇಡಿ," ಎಂದ.

ಆಂಬ್ಯುಲೆನ್ಸಿಗೆ ಫೋನ್ ಮಾಡಿ, ಕಿಟಕಿ ತೆರೆದು, ಫ್ಯಾನ್ ಹಾಕಿದ. ಅವರನ್ನು ನೆಲದ ಮೇಲೆ ಮಲಗಿಸಿ, ಕತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು, ಮೈಮೇಲೆ ನೀರು ಚಿಮುಕಿಸುತ್ತ ಕೂತ. ಜ್ಞಾನ ತಪ್ಪುತ್ತಿರುವವರ ಬಾಯಿಗೆ ನೀರು ಹಾಕಬಾರದೆಂದು ಓದಿದ್ದು ನೆನಪಾಗಿ, ತುಟಿಯವರೆಗೆ ಒಯ್ದ ಲೋಟವನ್ನು ಕೆಳಗಿಟ್ಟ.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು, "ಇವ್ರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ನಾನು ಮೀಟರ್ ಓದೋನು."

ಅವಳು ಫಾರಮ್ಮಿನ ಆ ಸಾಲನ್ನು ಖಾಲಿ ಬಿಟ್ಟಳು.

ಎರಡು ದಿನ ಬಿಟ್ಟು ಹೋದಾಗ ಅವರು ಚೇತರಿಸಿಕೊಂಡಿದ್ದರು. ಅವನ ಗುರುತು ಸಿಗಲಿಲ್ಲ; ನಡೆದದ್ದನ್ನೆಲ್ಲ ಅವನೇ ಹೇಳಬೇಕಾಯಿತು.

"ಫ್ಯಾನ್ ಯಾಕೆ ಹಾಕ್ಕೊಂಡಿರ್ಲಿಲ್ಲ ಅಕ್ಕಾ?"

"ಹೊಲಿಯೋವಾಗ ಬಟ್ಟೆ ಹಾರುತ್ತೆ ಅಂತ ಆರಿಸ್ತಿದ್ದೆ. ಆಮೇಲೆ ಹೊಲಿಸ್ಕೊಳ್ಳೋರೇ ಬರೋದು ನಿಂತೋಯ್ತು. ನನ್ನೊಬ್ಬಳಿಗೆ ಯಾಕೆ ಅಂತ ಸುಮ್ನಾದೆ."

"ನಿಮ್ಮ ತಮ್ಮ ಎಲ್ಲಿದ್ದಾರೆ?" ಎಂದ.

"ಅವನು ತೀರ್ಕೊಂಡು ಇಪ್ಪತ್ತು ವರ್ಷ ಆಯ್ತು. ಯಾಕೆ?"

"ಸುಮ್ನೆ ಕೇಳ್ದೆ."

ಅವರು ಮನೆಗೆ ಬಂದ ಮೇಲೆ, ಬೇಸಿಗೆ ಮುಗಿಯುವವರೆಗೆ ದಿನವೂ ಆ ಮೆಟ್ಟಿಲು ಹತ್ತಿದ. ನೀರು ಕುಡಿದ್ರಾ ಎಂದು ಇವನು, ಕುಡಿದೆ ಎಂದು ಅವರು, ಅಷ್ಟೇ ಮಾತು. ಮಳೆ ಬಿದ್ದು ತಂಪಾದಾಗ ಹೋಗಲು ನೆಪವಿಲ್ಲದಾಯಿತು. ಒಂದು ವಾರ ತಡೆದುಕೊಂಡ. ಎಂಟನೆಯ ದಿನ ಅವರ ಬಾಗಿಲ ಹೊರಗೆ ನಿಂತು, ಅಂಗಿಯ ಗುಂಡಿಯೊಂದನ್ನು ತಾನೇ ಕಿತ್ತು ಕೈಯಲ್ಲಿ ಹಿಡಿದುಕೊಂಡು, ಬಾಗಿಲು ತಟ್ಟಿದ.